ಸಾಹಿತಿಯೊಬ್ಬರ ಜೀವನಚಿತ್ರ ಬರೆಯುವುದು ಹೇಗೆ: ಮೊದಲ ಟಿಪ್ಪಣಿಯಿಂದ ಕೊನೆಯ ತಿದ್ದುಪಡಿವರೆಗೆ

ಕನ್ನಡ ಸಾಹಿತಿಗಳ ಬಗ್ಗೆ ಬರೆದ ಲೇಖನಗಳನ್ನು ಒಮ್ಮೆ ನೋಡಿಕೊಡಿ ಅಂತ ಹೊಸಬರು ಆಗಾಗ ಕಳಿಸುತ್ತಾರೆ. ಬಹುಪಾಲು ಒಂದೇ ಥರ ಇರುತ್ತವೆ. ಹುಟ್ಟಿದ ಊರು, ತಂದೆ ತಾಯಿ, ಓದು, ಕೃತಿಗಳ ಪಟ್ಟಿ, ಪ್ರಶಸ್ತಿಗಳ ಪಟ್ಟಿ, ನಿಧನ. ಹೆಸರು ಬದಲಾಯಿಸಿದರೆ ಅದೇ ಲೇಖನ ಇನ್ನೊಬ್ಬರಿಗೂ ಹೊಂದುತ್ತದೆ. ಬರೆದವರಿಗೆ ಆ ಸಾಹಿತಿಯ ಮೇಲೆ ಪ್ರೀತಿ ಇದೆ, ಭಾಷೆಯೂ ಚೆನ್ನಾಗಿರುತ್ತದೆ. ಎಡವಿರುವುದು ಕೆಲಸದ ಕ್ರಮದಲ್ಲಿ. ಮೊದಲು ಬರೆಯಲು ಕೂತು, ಎಲ್ಲಿ ಖಾಲಿ ಬಿತ್ತೋ ಅಲ್ಲಿಗೆ ಮಾಹಿತಿ ಹುಡುಕಿ ತುಂಬಿದ್ದಾರೆ.

ಕೆಳಗೆ ಹೇಳಿರುವ ಕ್ರಮದಲ್ಲಿ ಬರೆಯುವ ಸರದಿ ಬರುವುದು ಏಳನೇ ಹಂತದಲ್ಲಿ. ಅಲ್ಲಿಯವರೆಗೆ ತಾಳ್ಮೆ ಬೇಕು. ಎರಡರಿಂದ ಮೂರು ಸಾವಿರ ಪದಗಳ ಲೇಖನವನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ.

## ಮೊದಲು ಕೈಗೆ ಬೇಕಾದದ್ದು

ಒಂದು ಉದ್ದನೆಯ ನೋಟ್‌ಬುಕ್ ಅಥವಾ ಕಂಪ್ಯೂಟರಿನಲ್ಲಿ ಒಂದು ಕೋಷ್ಟಕ. ರೆಕಾರ್ಡ್ ಮಾಡಲು ಮೊಬೈಲ್. ಗ್ರಂಥಾಲಯದ ಸದಸ್ಯತ್ವ. 60 ಸಂವತ್ಸರಗಳ ಪಟ್ಟಿ, ಅದು ಯಾಕೆ ಅಂತ ಮುಂದೆ ಹೇಳುತ್ತೇನೆ. ಜೊತೆಗೆ ಆ ಸಾಹಿತಿಯ ಪುಸ್ತಕಗಳ ಹಳೆಯ ಮುದ್ರಣಗಳು, ಸಿಕ್ಕಷ್ಟು. ಸಮಗ್ರ ಸಂಪುಟ ಮನೆಯಲ್ಲಿದ್ದರೂ ಮೊದಲ ಮುದ್ರಣವನ್ನು ಹುಡುಕಿ ನೋಡಿ. ಹಳೆಯ ಅರಿಕೆ (ಲೇಖಕರ ಮುನ್ನುಡಿ), ಅರ್ಪಣೆ, ಮುದ್ರಣಾಲಯದ ಹೆಸರು ಎಷ್ಟೋ ಸಲ ಮರುಮುದ್ರಣದಲ್ಲಿ ಬಿಟ್ಟುಹೋಗಿರುತ್ತವೆ. ನಿಮಗೆ ಬೇಕಾದ ಸಾಕ್ಷಿ ಇರುವುದು ಅಲ್ಲೇ.

## 1. ಒಂದು ಪ್ರಶ್ನೆ ಹಿಡಿದುಕೊಳ್ಳಿ

‘ಮಾಸ್ತಿಯವರ ಬದುಕು ಮತ್ತು ಬರಹ’ ಎನ್ನುವುದು ವಿಷಯ ಮಾತ್ರ. ಅದನ್ನಿಟ್ಟುಕೊಂಡು ಹೊರಟರೆ ಸಿಕ್ಕಿದ್ದೆಲ್ಲ ಬೇಕು ಅನಿಸುತ್ತದೆ, ಯಾವುದನ್ನು ಬಿಡಬೇಕೋ ಗೊತ್ತಾಗುವುದಿಲ್ಲ.

ಮೈಸೂರು ಸರ್ಕಾರದ ಅಧಿಕಾರಿಯಾಗಿದ್ದ ಮಾಸ್ತಿಯವರ ಕಥೆಗಳಿಗೆ ಕಚೇರಿ, ತಾಲ್ಲೂಕು, ಊರೂರು ತಿರುಗುವ ಸರ್ಕೀಟು ಏನು ಕೊಟ್ಟವು? ಇದು ಪ್ರಶ್ನೆ. 35 ತುಂಬುವ ಮೊದಲೇ ತೀರಿಕೊಂಡ ತ್ರಿವೇಣಿಯವರು ಇಪ್ಪತ್ತರ ಆಸುಪಾಸು ಕಾದಂಬರಿ ಬರೆಯಲು ಹೊತ್ತನ್ನು ಹೇಗೆ ಹೊಂದಿಸಿಕೊಂಡರು? ಇದೂ ಪ್ರಶ್ನೆ. ಉತ್ತರ ಈಗಲೇ ಗೊತ್ತಿರಬೇಕಾಗಿಲ್ಲ. ಗೊತ್ತಿದ್ದರೆ ಆ ಪ್ರಶ್ನೆ ಬಿಡಿ, ಬೇರೆ ಹುಡುಕಿ.

ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ಮಧ್ಯದಲ್ಲಿ ಬದಲಾದರೆ ಬದಲಾಗಲಿ. ಆದರೆ ಎರಡು ಪ್ರಶ್ನೆ ಒಟ್ಟಿಗೆ ಇಟ್ಟುಕೊಳ್ಳಬೇಡಿ. ಇಷ್ಟು ಚಿಕ್ಕ ಲೇಖನ ಎರಡನ್ನು ಹೊರಲಾರದು.

## 2. ಇಸವಿಗಳ ಕೋಷ್ಟಕ ಮಾಡಿ

ಇಡೀ ಕೆಲಸದಲ್ಲಿ ಇದೇ ಮುಖ್ಯ. ಜಾಸ್ತಿ ಜನ ಬಿಟ್ಟುಬಿಡುವುದೂ ಇದನ್ನೇ.

ನಾಲ್ಕು ಕಾಲಂ ಹಾಕಿ: ಇಸವಿ, ಏನಾಯಿತು, ಎಲ್ಲಿ, ಯಾರು ಹೇಳಿದ್ದು. ನಾಲ್ಕನೆಯದು ಖಾಲಿ ಇದ್ದರೆ ಆ ಸಾಲು ಲೇಖನಕ್ಕೆ ಬರಬಾರದು. ‘ಎಲ್ಲರಿಗೂ ಗೊತ್ತು’ ಎನ್ನುವುದನ್ನು ಆ ಕಾಲಂನಲ್ಲಿ ಬರೆಯಬೇಡಿ. ಪುಸ್ತಕದ ಹೆಸರು ಮತ್ತು ಪುಟ, ಪತ್ರಿಕೆಯ ಹೆಸರು ಮತ್ತು ತಿಂಗಳು, ಇಲ್ಲವೇ ಹೇಳಿದವರ ಹೆಸರು ಮತ್ತು ದಿನ ಬೇಕು. ಪ್ರಶಸ್ತಿಗಳನ್ನು ಸದ್ಯಕ್ಕೆ ಸೇರಿಸಬೇಡಿ. ನೌಕರಿ, ಮನೆ ಬದಲಾಯಿಸಿದ್ದು, ಕಾಯಿಲೆ, ಮನೆಯವರ ಸಾವು, ಸಾಲ, ಪುಸ್ತಕ ಅಚ್ಚಾದದ್ದು ಮೊದಲು ಬರಲಿ.

ಇಸವಿಗಳು ಅಕ್ಕಪಕ್ಕ ಬಂದಾಗ ಏನಾಗುತ್ತದೆ ನೋಡಿ. ಬೇಂದ್ರೆಯವರ ನಾಲ್ಕು ಸಾಲು:

1932: ‘ಗರಿ’ ಸಂಕಲನ. ‘ನರಬಲಿ’ ಕವನಕ್ಕಾಗಿ ಬೆಳಗಾವಿಯ ಹಿಂಡಲಗಾ ಜೈಲು, ಆಮೇಲೆ ಧಾರವಾಡದ ಹತ್ತಿರದ ಮುಗದದಲ್ಲಿ ನಿರ್ಬಂಧ.
1943: ಶಿವಮೊಗ್ಗದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು.
1944: ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರು.
1956: ಸೊಲ್ಲಾಪುರದ ಕೆಲಸ ಮುಗಿಯಿತು, ಧಾರವಾಡ ಆಕಾಶವಾಣಿಗೆ ಸಲಹೆಗಾರರು.

ಒಂದೊಂದೇ ಸಾಲು ನೋಡಿದರೆ ಬರೀ ಮಾಹಿತಿ. ಒಟ್ಟಿಗೆ ನೋಡಿದರೆ ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಹನ್ನೊಂದು ವರ್ಷದ ಖಾಲಿ ಜಾಗ. ಜೈಲಿನಿಂದ ಬಂದ ಮೇಲೆ ಬಹಳ ಕಾಲ ಅವರಿಗೆ ಕಾಯಂ ನೌಕರಿ ಇರಲಿಲ್ಲ. ನಾಡಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ಕವಿಗೆ ಮರುವರ್ಷ ಕೆಲಸ ಸಿಕ್ಕಿದ್ದು ತಮ್ಮ ಊರು ಧಾರವಾಡ ಬಿಟ್ಟು ಹೋದ ಮೇಲೆ. ಆ ಹನ್ನೊಂದು ವರ್ಷ ಮನೆ ಹೇಗೆ ನಡೆಯಿತು? ಯಾರು ಕೈಹಿಡಿದರು? ಆಗ ಬರೆದ ಕವನಗಳು ಯಾವುವು? ಕೋಷ್ಟಕದಲ್ಲಿ ಖಾಲಿ ಬಿದ್ದಲ್ಲಿ ಗೆರೆ ಎಳೆದು ಗುರುತು ಹಾಕಿ. ಒಳ್ಳೆಯ ಲೇಖನ ಹುಟ್ಟುವುದು ಇಂಥ ಖಾಲಿ ಜಾಗಗಳಿಂದಲೇ.

## 3. ಇಸವಿ, ಊರು, ಹೆಸರು ತಾಳೆ ನೋಡಿ

ಕೋಷ್ಟಕ ತುಂಬಿದ ಮೇಲೆ ಒಂದೊಂದು ಸಾಲನ್ನೂ ಇನ್ನೊಂದು ಕಡೆ ಹೋಲಿಸಿ ನೋಡಬೇಕು. ಒಬ್ಬರಿಂದ ಒಬ್ಬರು ನಕಲು ಮಾಡಿದ ಹತ್ತು ಲೇಖನ ಸಿಕ್ಕರೂ ಅದು ಒಂದೇ ಸಾಕ್ಷಿ. ಹತ್ತರಲ್ಲೂ ಒಂದೇ ತಪ್ಪಿದ್ದರೆ ನಕಲು ಅಂತ ಖಾತ್ರಿ.

ಹುಟ್ಟಿದ ಊರು. ಕುವೆಂಪು ಕುಪ್ಪಳಿಯಲ್ಲಿ ಹುಟ್ಟಿದರು ಅಂತ ಎಷ್ಟೋ ಜನ ಬರೆಯುತ್ತಾರೆ. ಹುಟ್ಟಿದ್ದು ತಾಯಿಯ ತವರು ಹಿರೇಕೊಡಿಗೆಯಲ್ಲಿ, ಕೊಪ್ಪ ತಾಲ್ಲೂಕು. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಹೆರಿಗೆಗೆ ತವರಿಗೆ ಹೋಗುವ ಪದ್ಧತಿ ಇರುವಾಗ ತಂದೆಯ ಊರನ್ನೇ ಹುಟ್ಟೂರು ಅಂತ ಸುಮ್ನೆ ಬರೆದುಬಿಡಬಾರದು. ಯಾರ ಬಗ್ಗೆ ಬರೆದರೂ ತಾಯಿಯ ಊರು ಯಾವುದು ಅಂತ ಒಮ್ಮೆ ಕೇಳಿ.

ಹುಟ್ಟಿದ ದಿನ. ಶಾಲೆಯ ದಾಖಲೆಯಲ್ಲಿ ಒಂದು ದಿನ, ಜಾತಕದಲ್ಲಿ ಇನ್ನೊಂದು ಇರುವುದು ಸಾಮಾನ್ಯ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿಗೆ ಬರೆದ ದಿನಾಂಕಗಳು ಬೇಕಾದಷ್ಟಿವೆ. ಎರಡೂ ಸಿಕ್ಕರೆ ಎರಡನ್ನೂ ಬರೆದುಕೊಳ್ಳಿ, ಯಾವುದನ್ನು ಯಾಕೆ ಒಪ್ಪಿದಿರಿ ಅಂತ ಪಕ್ಕದಲ್ಲಿ ಟಿಪ್ಪಣಿ ಹಾಕಿ. ಕೆಲವೊಮ್ಮೆ ಅಚ್ಚಿನ ತಪ್ಪು ಅನಿಸಿದ್ದು ಸರಿಯಾಗಿಯೇ ಇರುತ್ತದೆ. ಮಾಸ್ತಿಯವರು ಹುಟ್ಟಿದ್ದು 1891ರ ಜೂನ್ 6, ತೀರಿಕೊಂಡದ್ದು 1986ರ ಜೂನ್ 6. ತಪ್ಪು ಅಂದುಕೊಂಡು ತಿದ್ದುವ ಮೊದಲೂ ತಾಳೆ ನೋಡಬೇಕು.

ಸಂವತ್ಸರ. ಹಳೆಯ ಅರಿಕೆ, ಪತ್ರಗಳಲ್ಲಿ ಇಸವಿ ಬದಲು ಸಂವತ್ಸರ, ಮಾಸ, ತಿಥಿ ಇರುತ್ತವೆ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಈಶ್ವರ ಸಂವತ್ಸರ 1877ರಲ್ಲಿ ಬಂತು, 1937ರಲ್ಲಿ ಬಂತು, 1997ರಲ್ಲಿ ಬಂತು. ಯಾವುದು ಅಂತ ಸುತ್ತಲಿನ ಘಟನೆಗಳಿಂದ ನಿರ್ಧರಿಸಬೇಕು. ಇನ್ನೊಂದು ವಿಷಯ: ಸಂವತ್ಸರ ಶುರುವಾಗುವುದು ಯುಗಾದಿಗೆ. ಹಾಗಾಗಿ 1937ರಲ್ಲಿ ಶುರುವಾದ ಈಶ್ವರ ಸಂವತ್ಸರದ ಮಾಘ ಮಾಸ ಬರುವುದು 1938ರಲ್ಲಿ. ಶಾಲಿವಾಹನ ಶಕ ವರ್ಷವನ್ನು ಇಸವಿ ಮಾಡಲು ಕಣ್ಣುಮುಚ್ಚಿ 78 ಕೂಡಿಸುವವರು ಇಲ್ಲೇ ಒಂದು ವರ್ಷ ತಪ್ಪುತ್ತಾರೆ.

ಪ್ರಶಸ್ತಿಯ ವರ್ಷ. ಪ್ರಶಸ್ತಿ ಯಾವ ವರ್ಷದ್ದು, ಪ್ರದಾನ ಆದದ್ದು ಯಾವಾಗ, ಪುಸ್ತಕ ಬಂದದ್ದು ಯಾವಾಗ ಎಂಬ ಮೂರೂ ಬೇರೆ ಬೇರೆ. ಬೇಂದ್ರೆಯವರ ‘ನಾಕುತಂತಿ’ 1964ರ ಪುಸ್ತಕ, ಜ್ಞಾನಪೀಠ 1973ರ ಸಾಲಿನದು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ 1956ರದು, ಜ್ಞಾನಪೀಠ 1983ರ ಸಾಲಿನದು. ಪ್ರಶಸ್ತಿಯ ವರ್ಷವನ್ನೇ ಪುಸ್ತಕದ ವರ್ಷ ಮಾಡಿಕೊಂಡರೆ ಅರವತ್ತರ ಹರೆಯದಲ್ಲಿ ಬರೆದ ಕಾದಂಬರಿಯನ್ನು ತೊಂಬತ್ತು ದಾಟಿದ ಮೇಲೆ ಬರೆದ ಹಾಗೆ ಕಾಣುತ್ತದೆ.

ಆಗಿನ ಗಡಿ. ಇದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. 1944ರಲ್ಲಿ ಬೇಂದ್ರೆ ‘ಕರ್ನಾಟಕ ಬಿಟ್ಟು ಮಹಾರಾಷ್ಟ್ರಕ್ಕೆ’ ಹೋಗಲಿಲ್ಲ. ಆಗ ಧಾರವಾಡ, ಸೊಲ್ಲಾಪುರ ಎರಡೂ ಮುಂಬಯಿ ಪ್ರಾಂತ್ಯದಲ್ಲಿದ್ದವು. ಮಂಗಳೂರು ಮದ್ರಾಸಿಗೆ ಸೇರಿತ್ತು, ಕಲಬುರಗಿ ನಿಜಾಮರ ಆಳ್ವಿಕೆಯಲ್ಲಿತ್ತು, ಕೊಡಗು ಬೇರೆಯೇ ಇತ್ತು. ಕನ್ನಡ ಪ್ರದೇಶಗಳು ಒಂದು ರಾಜ್ಯವಾದದ್ದು 1956ರ ನವೆಂಬರ್ 1ಕ್ಕೆ, ಅದಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ಯಾವ ಪರೀಕ್ಷೆ ಬರೆದರು, ಯಾವ ಸರ್ಕಾರ ಜೈಲಿಗೆ ಹಾಕಿತು, ಯಾವ ಊರಿನ ನೌಕರಿ ಹತ್ತಿರ, ಯಾವುದು ದೂರ, ಎಲ್ಲವೂ ಆ ಗಡಿಗಳನ್ನೇ ಅವಲಂಬಿಸಿವೆ.

ಹೆಸರು. ಕಾವ್ಯನಾಮ, ಮನೆ ಹೆಸರು, ಸಹಿಯ ಹೆಸರು ಎಲ್ಲವನ್ನೂ ಒಂದು ಪುಟದಲ್ಲಿ ಬರೆದಿಟ್ಟುಕೊಂಡು ಗ್ರಂಥಾಲಯಕ್ಕೆ ಹೋಗಿ. ಮಾಸ್ತಿ ‘ಶ್ರೀನಿವಾಸ’ ಅಂತ ಬರೆದರು, ಬೇಂದ್ರೆ ‘ಅಂಬಿಕಾತನಯದತ್ತ’, ಅನಸೂಯಾ ಶಂಕರ್ ‘ತ್ರಿವೇಣಿ’. ಕೊಡಗಿನ ಗೌರಮ್ಮನವರ ಸಹಿ ‘ಶ್ರೀಮತಿ ಬಿ.ಟಿ.ಜಿ. ಕೃಷ್ಣ’ ಅಂತ ಇತ್ತು. ಹಳೆಯ ಪತ್ರಿಕೆಯಲ್ಲಿ ‘ಗೌರಮ್ಮ’ ಅಂತ ಮಾತ್ರ ಹುಡುಕಿದರೆ ಅವರ ಕಥೆ ಕಣ್ಣ ಮುಂದೆಯೇ ಇದ್ದರೂ ತಪ್ಪಿಹೋಗುತ್ತದೆ. ಲೇಖಕಿಯರ ವಿಷಯದಲ್ಲಿ ಗಂಡನ ಹೆಸರಿನಿಂದಲೂ, ಮದುವೆಗೆ ಮುಂಚಿನ ಹೆಸರಿನಿಂದಲೂ ತಪ್ಪದೆ ಹುಡುಕಿ.

## 4. ಪುಸ್ತಕಗಳನ್ನು ಅಚ್ಚಾದ ಕ್ರಮದಲ್ಲಿ ಓದಿ

ಪ್ರಸಿದ್ಧ ಪುಸ್ತಕದಿಂದ ಶುರುಮಾಡಬೇಡಿ. ಮೊದಲನೆಯದರಿಂದ ಶುರುಮಾಡಿ, ಅದು ಸಪ್ಪೆ ಅನಿಸಿದರೂ ಸರಿ. ಬರಹಗಾರ ಎಲ್ಲಿ ತಿರುಗಿದ ಅಂತ ಗೊತ್ತಾಗುವುದು ಹಾಗೆ ಓದಿದಾಗಲೇ. ಪುಸ್ತಕ ಕೈಗೆ ಬಂದ ಕೂಡಲೇ ಅರಿಕೆಯ ಕೊನೆಯ ಸಾಲು ನೋಡಿ. ಬಲಗಡೆ ಹೆಸರು, ಎಡಗಡೆ ಊರು ಮತ್ತು ದಿನ ಇರುತ್ತದೆ. ಅದು ಅವರೇ ಬರೆದ ಸಾಕ್ಷಿ: ಆ ದಿನ ಅವರು ಆ ಊರಿನಲ್ಲಿದ್ದರು. ನೇರವಾಗಿ ಕೋಷ್ಟಕಕ್ಕೆ ಏರಿಸಿ. ಅರಿಕೆಯಲ್ಲಿ ಯಾರಿಗೆ ಕೃತಜ್ಞತೆ ಹೇಳಿದ್ದಾರೆ, ಕರಡು ತಿದ್ದಿದವರು ಯಾರು, ಕಾಗದಕ್ಕೆ ದುಡ್ಡು ಕೊಟ್ಟವರು ಯಾರು ಅಂತಲೂ ಬರೆದುಕೊಳ್ಳಿ. ಮುಂದೆ ಮಾತಾಡಿಸಬೇಕಾದವರ ಪಟ್ಟಿ ಇದರಿಂದಲೇ ಸಿಗುತ್ತದೆ.

ಕಾದಂಬರಿ ಮೊದಲು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿದ್ದರೆ ಪುಸ್ತಕದ ಇಸವಿಯಿಂದ ಬರೆದ ಕಾಲವನ್ನು ಲೆಕ್ಕ ಹಾಕಬೇಡಿ. ಧಾರಾವಾಹಿ ಶುರುವಾದ ತಿಂಗಳು ಬೇಕು.

ಆತ್ಮಕಥೆ ಇದ್ದರೆ ಅದನ್ನು ಕೊನೆಗೆ ಓದಿ. ಮೊದಲೇ ಓದಿದರೆ ಅವರ ಕಣ್ಣಿನಿಂದಲೇ ಎಲ್ಲವೂ ಕಾಣುತ್ತದೆ. ಲೇಖಕರು ತಮ್ಮ ಬಗ್ಗೆ ಹೇಳಿದ್ದೆಲ್ಲ ನಿಜ ಅಂತಲೂ ಇಲ್ಲ. ನಂದಳಿಕೆಯ ಲಕ್ಷ್ಮೀನಾರಣಪ್ಪ, ಅಂದರೆ ಮುದ್ದಣ, ತನ್ನದೇ ಕೃತಿಯನ್ನು ಹಳೆಯ ಕವಿಯ ಓಲೆಪ್ರತಿ ಸಿಕ್ಕಿದೆ ಅಂತ ಹೇಳಿ ಅಚ್ಚಿಗೆ ಕಳಿಸಿದವನು. 1901ರಲ್ಲಿ ತೀರಿಕೊಂಡಾಗ ಅವನಿಗೆ ಮೂವತ್ತರ ಆಸುಪಾಸು. ಅವನ ಮಾತನ್ನೇ ನಂಬಿ ಕೂತಿದ್ದರೆ ಒಬ್ಬ ದೊಡ್ಡ ಲೇಖಕನೇ ನಮಗೆ ಇಲ್ಲವಾಗುತ್ತಿದ್ದ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

## 5. ಬಲ್ಲವರನ್ನು ಮಾತಾಡಿಸಿ

ಮನೆಯವರು, ಶಿಷ್ಯರು, ಪ್ರಕಾಶಕರು, ಪಕ್ಕದ ಮನೆಯವರು. ಕೋಷ್ಟಕ ಮುಗಿಯುವ ಮೊದಲು ಇವರ ಹತ್ತಿರ ಹೋಗಬೇಡಿ. ಏನು ಕೇಳಬೇಕು ಅಂತ ಗೊತ್ತಿಲ್ಲದೆ ಹೋದರೆ ಸಿಗುವುದು ಹೊಗಳಿಕೆ ಮಾತ್ರ, ಎರಡನೇ ಸಲ ಹೋಗಲು ಸಂಕೋಚ.

ಸಾಹಿತಿಯ ಸೊಸೆಯನ್ನು ಮಾತಾಡಿಸಲು ಹೋಗಿದ್ದೀರಿ ಅಂದುಕೊಳ್ಳಿ. ‘ಮಾವನವರು ಹೇಗಿದ್ರು ಅಮ್ಮಾ?’ ಅಂತ ಕೇಳಿದರೆ ‘ದೊಡ್ಡ ಮನುಷ್ಯರು ಕಣಪ್ಪಾ, ದೇವರಂಥೋರು’ ಎಂಬ ಉತ್ತರ ಬರುತ್ತದೆ. ಅಲ್ಲಿಗೆ ಮಾತು ಮುಗಿಯಿತು. ಬದಲಿಗೆ ಹೀಗೆ ಕೇಳಿ:

‘ಬರೆಯೋಕೆ ಎಲ್ಲಿ ಕೂರ್ತಿದ್ರು ಅಮ್ಮಾ?’

‘ಇದೇ ಪಡಸಾಲೇಲಿ, ಆ ಕಂಬಕ್ಕೆ ಒರಗಿ. ಮಂಡಿ ಮೇಲೆ ಹಲಗೆ ಇಟ್ಕೊಂಡು. ಹುಡುಗ್ರು ಗಲಾಟೆ ಮಾಡಿದ್ರೆ ಬೈತಿರ್ಲಿಲ್ಲ, ಎದ್ದು ಹಿತ್ತಿಲಿಗೆ ಹೋಗಿಬಿಡೋರು.’

‘ಅಚ್ಚಿಗೆ ಕಳಿಸೋ ಪ್ರತಿಯನ್ನೂ ಅವರೇ ಬರೀತಿದ್ರಾ?’

‘ಅಯ್ಯೋ, ಇಲ್ಲ. ಅವರ ಅಕ್ಷರ ಯಾರಿಗೂ ತಿಳೀತಿರ್ಲಿಲ್ಲ. ನಮ್ಮತ್ತೇನೇ ಕೂತು ಚೊಕ್ಕ ಮಾಡಿ ಬರೆದುಕೊಡೋರು.’

ಇಷ್ಟರಲ್ಲಿ ಒಂದು ಜಾಗ, ಒಂದು ಅಭ್ಯಾಸ ಸಿಕ್ಕಿತು. ಯಾವ ಅರಿಕೆಯಲ್ಲೂ ಹೆಸರು ಬಾರದ ಒಬ್ಬ ಹೆಂಗಸಿನ ದುಡಿಮೆಯೂ ಸಿಕ್ಕಿತು. ಈಗ ಹಸ್ತಪ್ರತಿ ನೋಡಿ ಎರಡು ಕೈಬರಹ ಇದೆಯೇ ಅಂತ ಪರಿಶೀಲಿಸಬಹುದು. ಎಲ್ಲಿ, ಯಾವ ಹೊತ್ತಿನಲ್ಲಿ, ಯಾವುದರಿಂದ, ಯಾರು ಜೊತೆಗಿದ್ದರು ಎಂಬಂಥ ಪ್ರಶ್ನೆಗಳೇ ಕೆಲಸಕ್ಕೆ ಬರುವುದು. ಹಳೆಯ ಫೋಟೊ ಒಂದನ್ನು ಮುಂದಿಟ್ಟು ‘ಇದರಲ್ಲಿ ಯಾರ್ಯಾರು ಇದ್ದಾರೆ?’ ಅಂದರೂ ಸಾಕು, ಮಾತು ತಾನಾಗಿ ಬರುತ್ತದೆ.

ರೆಕಾರ್ಡ್ ಮಾಡುವ ಮೊದಲು ಅನುಮತಿ ಕೇಳಿ. ವಯಸ್ಸಾದವರ ಹತ್ತಿರ ಒಂದು ಗಂಟೆಗಿಂತ ಜಾಸ್ತಿ ಕೂರಬೇಡಿ. ನೆನಪಿನಲ್ಲಿ ಇಸವಿ ತಪ್ಪುತ್ತದೆ, ಜಾಗ ಮತ್ತು ಮನುಷ್ಯರು ತಪ್ಪುವುದು ಕಡಿಮೆ. ಆದ್ದರಿಂದ ಇಸವಿಗೆ ಕೋಷ್ಟಕವನ್ನು ನಂಬಿ.

## 6. ಕಥೆಯನ್ನು ಬದುಕಿಗೆ ಸಾಕ್ಷಿ ಮಾಡಬೇಡಿ

‘ನಾಯಕಿಯ ನೋವು ಲೇಖಕಿಯದೇ ನೋವು’ ಎಂಬ ವಾಕ್ಯ ನನ್ನ ಕೈಗೆ ಬಂದ ಕರಡಿನಲ್ಲಿ ಇದ್ದರೆ ಮೊದಲು ಹೊಡೆದುಹಾಕುತ್ತೇನೆ. ಲೇಖಕರಿಗಿಂತ ಲೇಖಕಿಯರ ವಿಷಯದಲ್ಲಿ ಈ ಅನ್ಯಾಯ ಜಾಸ್ತಿ ನಡೆಯುತ್ತದೆ. ಹೆಂಗಸು ಬರೆದರೆ ಅನುಭವಿಸಿಯೇ ಬರೆದಿರಬೇಕು ಅಂತ ಊಹೆ ಮಾಡಿಕೊಳ್ಳುತ್ತಾರೆ.

ತ್ರಿವೇಣಿಯವರ ‘ಶರಪಂಜರ’ ಕಾದಂಬರಿಯ ಕಾವೇರಿ ಬಾಣಂತನದಲ್ಲಿ ಮಾನಸಿಕವಾಗಿ ಕುಸಿಯುತ್ತಾಳೆ. ತ್ರಿವೇಣಿ ಮನಶ್ಶಾಸ್ತ್ರ ಓದಿದವರು. ಈ ಎರಡರ ನಡುವೆ ದಾರಿ ಇದೆ, ಅದನ್ನು ಹೇಳಬಹುದು. ಕಾವೇರಿಗೆ ಆದದ್ದು ತ್ರಿವೇಣಿಗೂ ಆಗಿತ್ತು ಅನ್ನಬೇಕಾದರೆ ಪತ್ರ, ದಿನಚರಿ, ಮನೆಯವರ ಮಾತು, ಏನಾದರೂ ಬೇರೆ ಸಾಕ್ಷಿ ಬೇಕು. ಕಾದಂಬರಿಯೇ ಸಾಕ್ಷಿ ಆಗಲಾರದು. ಬದುಕಿನಿಂದ ಕಥೆಗೆ ಏನು ಹೋಯಿತು ಅಂತ ಕೇಳಿ. ಕಥೆಯಿಂದ ಬದುಕನ್ನು ಕಟ್ಟಲು ಹೋಗಬೇಡಿ.

## 7. ಈಗ ಬರೆಯಲು ಕೂರಿ

ಹುಟ್ಟಿನಿಂದ ಶುರುಮಾಡುವ ಅಗತ್ಯವಿಲ್ಲ. ನಿಮ್ಮ ಪ್ರಶ್ನೆ ಯಾವ ವರ್ಷದಲ್ಲಿ ಗಟ್ಟಿಯಾಗಿ ಎದುರಾಗುತ್ತದೋ ಅಲ್ಲಿಂದ ಶುರುಮಾಡಿ. ಹುಟ್ಟು, ಓದು ಎರಡನೇ ಪ್ಯಾರಾದಲ್ಲಿ ನಾಲ್ಕು ಸಾಲಿನಲ್ಲಿ ಬರಲಿ.

ಬೇಂದ್ರೆಯವರ ಬಗ್ಗೆ ಸಾಮಾನ್ಯವಾಗಿ ಕಾಣುವ ಮಾದರಿ ಇದು:

‘ಬೇಂದ್ರೆಯವರು ಜೀವನದಲ್ಲಿ ಅನೇಕ ಕಷ್ಟನಷ್ಟಗಳನ್ನು ಅನುಭವಿಸಿದರು. ಆದರೂ ಎದೆಗುಂದದೆ ಸಾಹಿತ್ಯ ಸೇವೆ ಮಾಡಿದರು. ಇವರ ಅಪ್ರತಿಮ ಪ್ರತಿಭೆಯನ್ನು ಗುರುತಿಸಿ ನಾಡು ಸಮ್ಮೇಳನಾಧ್ಯಕ್ಷ ಪಟ್ಟ ನೀಡಿ ಗೌರವಿಸಿತು.’

ಕೋಷ್ಟಕ ಮುಂದಿಟ್ಟುಕೊಂಡು ಅದನ್ನೇ ಹೀಗೆ ಬರೆಯಬಹುದು:

‘1943ರಲ್ಲಿ ಶಿವಮೊಗ್ಗದ ಸಾಹಿತ್ಯ ಸಮ್ಮೇಳನಕ್ಕೆ ಬೇಂದ್ರೆ ಅಧ್ಯಕ್ಷರು. ‘ನರಬಲಿ’ಗಾಗಿ ಜೈಲು ಕಂಡು ಬಂದ ಮೇಲೆ ಅವರಿಗೆ ಕಾಯಂ ನೌಕರಿ ಸಿಕ್ಕಿರಲಿಲ್ಲ. ಸಿಕ್ಕಿದ್ದು ಮರುವರ್ಷ, ಅದೂ ಸೊಲ್ಲಾಪುರದಲ್ಲಿ. ಅಲ್ಲಿನ ಕಾಲೇಜಿನಲ್ಲಿ 1956ರವರೆಗೆ ಕನ್ನಡ ಪಾಠ ಮಾಡಿದರು.’

ಎರಡನೆಯದರಲ್ಲಿ ‘ಕಷ್ಟ’ ಎಂಬ ಪದ ಇಲ್ಲ, ‘ಅಪ್ರತಿಮ’ ಇಲ್ಲ. ಆದರೂ ಓದುವವರಿಗೆ ಕಷ್ಟ ತಟ್ಟುತ್ತದೆ.

ಇನ್ನು ‘ಅವನು’, ‘ಅವರು’ ಗೊಂದಲ. ಬಾಲ್ಯದಲ್ಲಿ ‘ಹುಡುಗ ಓದಿನಲ್ಲಿ ಚುರುಕಾಗಿದ್ದ’ ಅಂತ ಬರೆದು, ಮುಂದಿನ ಪ್ಯಾರಾದಲ್ಲಿ ‘ಅವರು ಕಾಲೇಜಿಗೆ ಸೇರಿದರು’ ಅಂದರೆ ಇಬ್ಬರು ಬೇರೆ ವ್ಯಕ್ತಿಗಳಂತೆ ಕಾಣುತ್ತದೆ. ನನ್ನ ಸಲಹೆ: ನಮ್ಮ ಹತ್ತಿರದ ಕಾಲದ ಸಾಹಿತಿಗಳಿಗೆ ಮೊದಲಿನಿಂದ ಕೊನೆಯವರೆಗೆ ‘ಅವರು’. ಪಂಪ, ರನ್ನ, ಮುದ್ದಣರಂಥವರಿಗೆ ಏಕವಚನ ಕನ್ನಡದಲ್ಲಿ ರೂಢಿ, ಅದು ಅಗೌರವ ಅನಿಸುವುದಿಲ್ಲ. ಹೆಸರೂ ಅಷ್ಟೆ. ಒಂದು ಕಡೆ ಪುಟ್ಟಪ್ಪ, ಒಂದು ಕಡೆ ಕುವೆಂಪು, ಇನ್ನೊಂದು ಕಡೆ ರಾಷ್ಟ್ರಕವಿ ಅಂತ ಬದಲಾಯಿಸುತ್ತಾ ಹೋಗಬೇಡಿ. ಕಾವ್ಯನಾಮ ಹುಟ್ಟುವ ಮೊದಲಿನ ಭಾಗಕ್ಕೆ ಬೇಕಾದರೆ ಮನೆಯ ಹೆಸರು ಬಳಸಿ, ಎಲ್ಲಿ ಬದಲಾಯಿತು ಅಂತ ಒಂದು ಮಾತು ಹೇಳಿಬಿಡಿ.

## 8. ಹಕ್ಕು, ಅನುಮತಿ

ಭಾರತದಲ್ಲಿ ಕೃತಿಸ್ವಾಮ್ಯ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ, ಆದ್ದರಿಂದ ಅವರು ಬದುಕಿದ್ದಾಗ ಅಚ್ಚಾದ ಕೃತಿಗಳ ಹಕ್ಕು 2023ರ ಕೊನೆಗೆ ಮುಗಿಯಿತು. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಅವರದು 2041ರ ಕೊನೆಯವರೆಗೆ. ವಿಮರ್ಶೆಗಾಗಿ ನಾಲ್ಕು ಸಾಲು ಉಲ್ಲೇಖಿಸಲು ಅಡ್ಡಿಯಿಲ್ಲ. ಇಡೀ ಕವನ ಹಾಕಬೇಕಾದರೆ ಅನುಮತಿ ಬೇಕು.

ಪತ್ರಗಳ ವಿಷಯದಲ್ಲಿ ಎಚ್ಚರ. ಕಾಗದ ಬಂದವರ ಆಸ್ತಿ, ಅದರಲ್ಲಿರುವ ಬರಹದ ಹಕ್ಕು ಬರೆದವರದು ಮತ್ತು ಅವರ ವಾರಸುದಾರರದು. ಪತ್ರ ನಿಮ್ಮ ಕೈಗೆ ಕೊಟ್ಟವರು ಒಪ್ಪಿದರೆ ಸಾಲದು. ಬರೆದವರು ಬದುಕಿದ್ದಾಗ ಅಚ್ಚಾಗದ ಪತ್ರಕ್ಕೆ 60 ವರ್ಷದ ಲೆಕ್ಕ ಶುರುವಾಗುವುದು ಮೊದಲು ಪ್ರಕಟವಾದ ಮೇಲೆ.

## 9. ತಿದ್ದುವಾಗ ಈ ಸೂಚನೆಗಳು ಕಂಡರೆ ನಿಲ್ಲಿ

‘ಸಾರಸ್ವತ ಲೋಕದ ಧ್ರುವತಾರೆ’, ‘ಮೇರು ವ್ಯಕ್ತಿತ್ವ’, ‘ತುಂಬಲಾರದ ನಷ್ಟ’ ಥರದ ಮಾತು ಕಂಡಲ್ಲಿ ಮಾಹಿತಿ ಖಾಲಿ ಇದೆ ಅಂತ ಅರ್ಥ. ಅಲ್ಲಿ ಕೋಷ್ಟಕಕ್ಕೆ ಹಿಂತಿರುಗಿ.

‘ಒಮ್ಮೆ’ ಅಂತ ಶುರುವಾಗುವ ಪ್ರಸಂಗಗಳಿಗೆ ಇಸವಿ, ಊರು, ಹೇಳಿದವರು ಇದ್ದಾರೆಯೇ ನೋಡಿ. ಒಂದೇ ಪ್ರಸಂಗ ಇಬ್ಬರು ಮೂವರು ಸಾಹಿತಿಗಳ ಹೆಸರಿನಲ್ಲಿ ಓಡಾಡುವುದುಂಟು. ಮೂಲ ಸಿಗದಿದ್ದರೆ ಎಷ್ಟೇ ಚೆನ್ನಾಗಿದ್ದರೂ ಬಿಡಿ.

ಪ್ರಶಸ್ತಿಗಳ ಪ್ಯಾರಾ ತೆಗೆದು ಓದಿ. ಲೇಖನಕ್ಕೆ ಏನೂ ಕೊರತೆ ಆಗದಿದ್ದರೆ ಅದನ್ನು ವಾಪಸ್ ಹಾಕಬೇಡಿ.

ಕೊನೆಗೆ ಲೇಖನ ಗೊತ್ತಿಲ್ಲದ ಒಬ್ಬರಿಂದ ಗಟ್ಟಿಯಾಗಿ ಓದಿಸಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಇನ್ನೊಬ್ಬರಿಗೆ ಲೇಖನ ಕೊಡದೆ ಕೋಷ್ಟಕ ಮಾತ್ರ ಕೊಟ್ಟು, ನಾಲ್ಕನೇ ಕಾಲಂನಲ್ಲಿರುವ ಪುಟಗಳನ್ನು ತೆರೆದು ನೋಡಲು ಹೇಳಿ. ಲೇಖನ ಪ್ರಕಟವಾದ ಮೇಲೂ ಆ ಕೋಷ್ಟಕ ಎಸೆಯಬೇಡಿ. ಓದಿದವರು ಯಾರಾದರೂ ‘ಈ ಇಸವಿ ತಪ್ಪು’ ಅಂತ ಪತ್ರ ಬರೆದಾಗ ಮೊದಲು ತೆರೆಯಬೇಕಾದದ್ದು ಅದನ್ನೇ.